ಬಸಲಿಂಗವ್ವನ ಬಾವಿ

ಕೆಂಚನಹಾಳದ ನೀಲಗಾರ ಓಣಿಯ ತುದಿಯಲ್ಲಿ ಕಲ್ಲುಕಟ್ಟೆಯ ಬಾವಿಯೊಂದಿದೆ. ಊರಿನ ಶಾಲೆ, ಪೇಟೆ, ವಾಚನಾಲಯ ಎಲ್ಲಕ್ಕೂ ಗುರುಶಿದ್ದಪ್ಪ ಕಡೇಮನಿಯವರ ಹೆಸರು. ಅವರೇ ಕಟ್ಟೆ ಕಟ್ಟಿಸಿದ ಈ ಬಾವಿಗೆ ಮಾತ್ರ ನೂಲಿಗೆ ಬಣ್ಣ ಹಾಕುತ್ತಿದ್ದ ಹೆಂಗಸಿನ ಹೆಸರು. ಕಲ್ಲಿನಲ್ಲಿ ಕೆತ್ತಿದ ‘ವ’ದ ತಲೆಕಟ್ಟು ಮುರಿದಿದೆ. ನೋಡಿದವರು ಕಲ್ಲುಕುಟಿಗನನ್ನು ಹಂಗಿಸಿ ನಗುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ.

ಹಿಂದೆ ಒಮ್ಮೆ, ಬ್ರಿಟಿಷರ ಕಾಲದಲ್ಲಿ, ಗುರುಶಿದ್ದಪ್ಪನವರು ಇದೇ ಓಣಿಯಲ್ಲಿ ‘ನೇರನುಡಿ’ ಎಂಬ ವಾರಪತ್ರಿಕೆ ನಡೆಸುತ್ತಿದ್ದರು ಎನ್ನುತ್ತಾರೆ. ಸರಕಾರದ ವಿರುದ್ಧ ಕದ್ದು ಒಂದು ಕರಪತ್ರವನ್ನೂ ಅಚ್ಚು ಹಾಕಿದರು. ಅಚ್ಚಾದ ಕೂಡಲೇ ಜೋಡಿಸಿದ ಪುಟ ಬಿಚ್ಚಿ ಸೀಸದ ಅಕ್ಷರಮೊಳೆಗಳನ್ನು ಪೆಟ್ಟಿಗೆಯ ಮನೆಗಳಿಗೆ ಸೇರಿಸುವುದು ಅಚ್ಚುಕೂಟದ ಪದ್ಧತಿ. ಇವರಿಗೆ ಬಿಚ್ಚಲು ಮನಸ್ಸು ಬರಲಿಲ್ಲ; ತಾವು ಬರೆದದ್ದು ಅಷ್ಟು ಚೆನ್ನಾಗಿತ್ತಲ್ಲ! ಇನ್ನೂ ನೂರು ಪ್ರತಿ ತೆಗೆಯೋಣವೆಂದು ಹಾಗೇ ಇಟ್ಟರು. ತಲೆಬರಹದ ದೊಡ್ಡ ‘ವ’ದ ತಲೆಕಟ್ಟು ಮುಕ್ಕಾಗಿತ್ತು; ಪತ್ರಿಕೆಯ ಹಳೆಯ ಸಂಚಿಕೆಗಳಲ್ಲೂ ಅದೇ ಮುಕ್ಕು. ಆ ಮುಕ್ಕಿನ ಜಾಡು ಹಿಡಿದು ಒಂದು ಮಧ್ಯಾಹ್ನ ಪೊಲೀಸ್ ಫೌಜದಾರ ಓಣಿಗೆ ಬಂದ. ಪುಟ ಸಿಕ್ಕರೆ ಜೈಲು, ಅಚ್ಚುಕೂಟವೂ ಜಪ್ತಿ. ಗುರುಶಿದ್ದಪ್ಪನವರು ಪುಟವನ್ನು ಧೋತರದಲ್ಲಿ ಸುತ್ತಿ ಹಿತ್ತಲಿಗೆ ಓಡಿದರು. ಅಲ್ಲಿ ನೂಲು ತೊಳೆಯುತ್ತಿದ್ದ ಪಕ್ಕದ ಮನೆಯ ಬಸಲಿಂಗವ್ವ ಏನೊಂದೂ ಕೇಳದೆ ಗಂಟು ಕಸಿದು ತನ್ನ ಬಾವಿಗೆ ಹಾಕಿದಳು.

ಅಚ್ಚುಕೂಟದಲ್ಲಿ ಏನೂ ಸಿಗದ ಫೌಜದಾರ ಬಾವಿಗೆ ಇಣುಕಿ, ಬಿದ್ದ ಕೊಡ ಎತ್ತುವ ಪಾತಾಳಗರಡಿ ತರಿಸಿದ. ಬಸಲಿಂಗವ್ವ ಕೊಡ ಸೇದಿ ಬೊಗಸೆ ನೀರು ಕುಡಿದು, “ಓಣಿ ಮಂದಿ ಕುಡಿಯೂ ನೀರ್ರಿ ಸಾಹೇಬ್ರ, ರಾಡಿ ಮಾಡಬ್ಯಾಡ್ರಿ” ಎಂದಳು. ನೆರೆದ ಜನ ಗೊಣಗಿದರು. ಫೌಜದಾರ ಹಿಂದೆ ಸರಿದನಾದರೂ ಅಲ್ಲೊಬ್ಬ ಪೊಲೀಸನನ್ನು ಕಾವಲು ಕೂರಿಸಿದ.

ಸೀಸ ನೀರಿಗಿಳಿದರೆ ವಿಷವೆಂದು ಗುರುಶಿದ್ದಪ್ಪನವರು ಓಣಿಯವರ ಕಿವಿಯಲ್ಲಿ ಹೇಳಿದರು. ಅವರೆಲ್ಲ ಎಂದಿನಂತೆ ನೀರು ಸೇದಿ ಬಣ್ಣಕ್ಕೆ ಬಳಸಿ, ಕುಡಿಯಲು ಗುಟ್ಟಾಗಿ ಹೊಳೆಯಿಂದ ತಂದರು. ಬಸಲಿಂಗವ್ವ ಮಾತ್ರ ಅನುಮಾನ ಬಾರದಿರಲೆಂದು ದಿನವೂ ಪೊಲೀಸನ ಎದುರೇ ಕುಡಿದಳು. ಬೇಸಿಗೆ ಕಳೆಯುವಷ್ಟರಲ್ಲಿ ಆಕೆಯ ಮುಖ ಬಿಳಿಚಿತು.

“ಸಾಕವ್ವಾ, ನಾನ ಹೋಗಿ ಒಪ್ಕೊಂತೀನಿ” ಎಂದರು ಗುರುಶಿದ್ದಪ್ಪ.

“ನೀವು ಒಳಗ ಹೋದ್ರ ಪತ್ರಿಕಿ ಯಾರು ಬರೀತಾರ್ರಿ? ಸುಮ್ನಿರ್ರಿ.”

ಅವರು ಸುಮ್ಮನಿದ್ದುಬಿಟ್ಟರು. ಶ್ರಾವಣದಲ್ಲಿ ಆಕೆ ಹೊಟ್ಟೆಶೂಲೆಯಿಂದ ತೀರಿಕೊಂಡಳು. ಮರುವಾರ ಕಾವಲೂ ಎದ್ದಿತು.

ಪತ್ರಿಕೆ ಬೆಳೆಯಿತು. ಬ್ರಿಟಿಷರು ಇನ್ನೂ ಆಳುತ್ತಿದ್ದಾಗಲೇ ಗುರುಶಿದ್ದಪ್ಪನವರು ಚುನಾವಣೆ ಗೆದ್ದು ಪುರಸಭೆಯ ಅಧ್ಯಕ್ಷರಾದರು. ಮೊದಲ ಕೆಲಸವೆಂದು ಬಾವಿಯ ಹೂಳು ತೆಗೆಸಿ, ಮೊಳೆಗಳನ್ನು ಎತ್ತಿಸಿ, ಕಟ್ಟೆ ಕಟ್ಟಿಸಿದರು. ಕಲ್ಲಿಗೆ ತಮ್ಮ ಹೆಸರಿಡಲು ಬಂದವರನ್ನು ಬೈದು ಅಟ್ಟಿದರಂತೆ. ಕಲ್ಲುಕುಟಿಗನಿಗೆ ಅಕ್ಷರವನ್ನು ತಾವೇ ಬರೆದುಕೊಟ್ಟರು. ಉದ್ಘಾಟನೆಯ ದಿನ ಅದೇ ಫೌಜದಾರ ಮುಂದಿನ ಸಾಲಿನಲ್ಲಿ ಕೂತಿದ್ದ. ಪರದೆ ಸರಿಯಿತು. ಅವನು ಕಲ್ಲನ್ನು ನೋಡಿದ, ಅಧ್ಯಕ್ಷರನ್ನು ನೋಡಿದ, ಎದ್ದು ಬಂದು ಕರಪತ್ರದಲ್ಲಿದ್ದಂತೆಯೇ ಮುರಿದ ‘ವ’ದ ಮೇಲೆ ಬೆರಳಾಡಿಸಿದ.

“ಹೌದ್ರಿ, ನಂದ ಅದು” ಎಂದರು ಗುರುಶಿದ್ದಪ್ಪ.

ಅಧ್ಯಕ್ಷರು ಜೈಲಿನಿಂದ ಬಂದದ್ದು ಎರಡು ವರ್ಷದ ಮೇಲೆ. ಈಗಲೂ ಓಣಿಯವರು ವರ್ಷಕ್ಕೊಮ್ಮೆ ಆ ಕಲ್ಲಿಗೆ ಸುಣ್ಣ ಬಳಿಯುತ್ತಾರೆ; ಅಕ್ಷರ ಸರಿಪಡಿಸುತ್ತೇವೆಂದು ಬಂದವರಿಗೆ ಮಾತ್ರ ಉಳಿ ಹಚ್ಚಲು ಬಿಡುವುದಿಲ್ಲ.