ಸಣ್ಣಪುಟ್ಟ ಸುಧಾರಣೆಗಳು

"ಗುರುಗಳೇ, ತಪ್ಪು ಸಿಕ್ಕಿತು, ತಿದ್ದಿದೆ. ಇನ್ನು ಅದನ್ನು ಊರಿಗೆಲ್ಲ ಹೇಳಿಕೊಂಡು ಬರಬೇಕೇ?"

ಹೀಗೆ ಕೇಳಿದವನು ಚೆನ್ನವೀರ. ಗುರುಗಳ ಬಳಿ ಗ್ರಹಗಣಿತ ಕಲಿತು, ಆ ಲೆಕ್ಕಗಳನ್ನು ಕಂಪ್ಯೂಟರಿಗೆ ಬರೆಯುವ ಕೆಲಸದಲ್ಲಿದ್ದ ಶಿಷ್ಯ. ಬೇಡ ಎಂಬ ಉತ್ತರವೇ ಬರುತ್ತದೆಂದು ಅವನಿಗೆ ಖಾತ್ರಿಯಿತ್ತು. ಕೇಳುವಾಗ ನಗುತ್ತಿದ್ದ.

"ತಿದ್ದಿದ ಮೇಲೆ ಯಾರಿಗಾದರೂ ತೊಂದರೆಯಾಯಿತೇ?" ಎಂದು ಗುರುಗಳು ಕೇಳಿದರು.

"ತೊಂದರೆ ಎಲ್ಲಿಂದ ಬರಬೇಕು ಗುರುಗಳೇ? ಮೊದಲಿಗಿಂತ ಚೆನ್ನಾಗಿದೆ, ಅಷ್ಟೆ."

"ಹಾಗಾದರೆ ಕೂತುಕೋ. ಒಂದು ಕತೆ ಹೇಳುತ್ತೇನೆ. ನನಗೆ ಹೇಳಲು ಇಷ್ಟವಿಲ್ಲದ ಕತೆ," ಎಂದು ಗುರುಗಳು ಸುತ್ತ ಕೂತಿದ್ದ ಉಳಿದ ಶಿಷ್ಯರ ಕಡೆಗೂ ತಿರುಗಿ ಶುರುಮಾಡಿದರು.

ಒಬ್ಬ ಗಣಿತಜ್ಞನಿದ್ದ. ಸೂರ್ಯ, ಚಂದ್ರ, ಗ್ರಹಗಳು ಯಾವ ಹೊತ್ತಿಗೆ ಆಕಾಶದಲ್ಲಿ ಎಲ್ಲಿರುತ್ತವೆ ಎಂದು ಲೆಕ್ಕ ಹಾಕುವ ಒಂದು ಲೈಬ್ರರಿ ಬರೆದಿದ್ದ. ಲೈಬ್ರರಿ ಎಂದರೆ ಪುಸ್ತಕದ ಕಪಾಟು ಎಂದುಕೊಂಡು ಹಿಂದೆ ಕೂತವರು ತೂಕಡಿಸಬೇಡಿ. ಲೆಕ್ಕದ ದಾರಿಯನ್ನು ಒಬ್ಬ ಒಮ್ಮೆ ಬರೆದಿಟ್ಟರೆ, ಉಳಿದವರು ಅದನ್ನು ಹಾಗೇ ಎತ್ತಿಕೊಂಡು ತಮ್ಮ ತಂತ್ರಾಂಶಕ್ಕೆ ಜೋಡಿಸಿಕೊಳ್ಳುತ್ತಾರೆ. ಅದಕ್ಕೆ ಆ ಹೆಸರು. ಅವನದನ್ನು ಪಂಚಾಂಗ ಮಾಡುವವರು ಬಳಸುತ್ತಿದ್ದರು, ದೂರದರ್ಶಕ ಇಟ್ಟುಕೊಂಡವರು ಬಳಸುತ್ತಿದ್ದರು. ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟಿದ್ದ. ಮನುಷ್ಯ ಒಳ್ಳೆಯವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕತೆಯಾದರೆ ನೀವೆಲ್ಲ ಆರಾಮಾಗಿ ಕೇಳಿ, ನಮಗಲ್ಲ ಎಂದು ಎದ್ದು ಹೋಗುತ್ತೀರಿ.

ಬೇರೊಂದು ಊರಿನಲ್ಲಿ ಒಬ್ಬ ಅಧ್ಯಾಪಕಿಯಿದ್ದಳು. ಕಾಲೇಜಿನಲ್ಲಿ ವಿಜ್ಞಾನ ಹೇಳುತ್ತಿದ್ದಳು. ಆಕೆಗೆ ಒಂದೇ ಹುಚ್ಚು. ಚಂದ್ರ ತನ್ನ ದಾರಿಯಲ್ಲಿ ಹೋಗುವಾಗ ಎಂದಾದರೊಮ್ಮೆ ಒಂದು ನಕ್ಷತ್ರವನ್ನು ಅಂಚಿನಲ್ಲಿ ಸವರಿಕೊಂಡು ಹೋಗುತ್ತಾನೆ. ಆಗ ಆ ನಕ್ಷತ್ರ ಚಂದ್ರನ ಬೆಟ್ಟಗಳ ಹಿಂದೆ ಮರೆಯಾಗುತ್ತದೆ, ಕಣಿವೆಯಲ್ಲಿ ಇಣುಕುತ್ತದೆ, ಮತ್ತೆ ಮರೆಯಾಗುತ್ತದೆ. ನೆಲದ ಮೇಲೆ ಒಂದು ಕಿರಿದಾದ ಗೆರೆಯಲ್ಲಿ ನಿಂತವರಿಗೆ ಮಾತ್ರ ಇದು ಕಾಣುವುದು. ಸ್ವಲ್ಪ ಆಚೆ ಉತ್ತರಕ್ಕೆ ನಿಂತರೆ ನಕ್ಷತ್ರ ಚಂದ್ರನನ್ನು ಮುಟ್ಟುವುದೇ ಇಲ್ಲ. ಆ ಗೆರೆ ಯಾವ ಹೊಲದ ಮೇಲೆ, ಯಾವ ರಸ್ತೆಯ ಮೇಲೆ ಹಾಯುತ್ತದೆ ಎಂದು ಹೇಳುತ್ತಿದ್ದದ್ದು ಅವನ ಲೈಬ್ರರಿ.

ಆಕೆ ಸಿಕ್ಕ ಅವಕಾಶಕ್ಕೆಲ್ಲ ಹೋದಳು, ನೋಡಿದಳು, ಅಳೆದಳು. ಅಳೆದಾಗಲೆಲ್ಲ ಗೆರೆ ಲೈಬ್ರರಿ ಹೇಳಿದ್ದಕ್ಕಿಂತ ತುಸು ಉತ್ತರಕ್ಕೇ ಇತ್ತು. ಆಗ ಗಣಿತಜ್ಞನಿಗೆ ಬರೆದಳು. "ನಿಮ್ಮ ಗೆರೆ ಪ್ರತಿ ಸಲವೂ ಸ್ವಲ್ಪ ದಕ್ಷಿಣಕ್ಕೆ ಬೀಳುತ್ತಿದೆ. ಚಂದ್ರನ ಲೆಕ್ಕವನ್ನು ದಯವಿಟ್ಟು ಒಮ್ಮೆ ನೋಡಿ."

ಅವನು ಉತ್ತರ ಬರೆದ. "ಇದನ್ನು ಸಾವಿರಾರು ಜನ ಬಳಸುತ್ತಾರೆ, ಯಾರೂ ಹೀಗೆ ಹೇಳಿಲ್ಲ. ನೀವು ಒಮ್ಮೆ ಕಣ್ಣು ತೋರಿಸಿಕೊಳ್ಳಿ."

ತಮಾಷೆಗೆ ಬರೆದದ್ದು. ಬರೆದು ಮರೆತೂಬಿಟ್ಟ. ಆದರೆ ಆಕೆಯ ಕಣ್ಣು ನಿಜವಾಗಿಯೂ ಹೋಗುತ್ತಿತ್ತು. ಅಂಚಿನಿಂದ ಒಳಕ್ಕೆ ಕತ್ತಲೆ ಬರುವ ರೋಗ. ನಡುವಿನ ನೋಟ ಇನ್ನೂ ಚೆನ್ನಾಗಿತ್ತು, ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅವನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ಎಷ್ಟು ಅನುಕೂಲದ ಮಾತು ನೋಡಿ.

ಆ ಉತ್ತರ ಓದಿ ಆಕೆ ಕಂಗಾಲಾದಳು. ತನ್ನ ರೋಗ ಈ ಅಪರಿಚಿತನಿಗೆ ಹೇಗೆ ತಿಳಿಯಿತು ಎಂದು ಒಂದು ಗಳಿಗೆ ದಿಗಿಲುಬಿದ್ದಳು. ಆಮೇಲೆ ತಾಳ್ಮೆಯಿಂದ ಮತ್ತೆ ಅಳೆದಳು. ಬೇರೆಯವರ ಕಣ್ಣಿನಿಂದಲೂ ನೋಡಿಸಿದಳು. ತನ್ನ ಅಳತೆಯೇ ಸರಿ ಎಂದು ಗಟ್ಟಿಯಾಯಿತು. ಸರಿ, ಅವನು ಕೇಳದಿದ್ದರೆ ಬೇಡ ಎಂದು, ಅಂದಿನಿಂದ ಲೈಬ್ರರಿ ಹೇಳಿದ ಜಾಗಕ್ಕಿಂತ ತುಸು ಉತ್ತರಕ್ಕೆ ಹೋಗಿ ನಿಲ್ಲತೊಡಗಿದಳು. ಒಮ್ಮೆಯೂ ತಪ್ಪಲಿಲ್ಲ.

ಹೀಗಿರುವಾಗ ಒಂದು ಸುದ್ದಿ ಬಂತು. ಆ ಸೀಮೆಯಲ್ಲಿ ಒಂದು ಪ್ರಕಾಶಮಾನ ನಕ್ಷತ್ರವನ್ನು ಚಂದ್ರ ಮುಸ್ಸಂಜೆಯಲ್ಲೇ ಸವರಿಕೊಂಡು ಹೋಗಲಿದ್ದ. ಅದಾದ ಮೇಲೆ ಅಂಥದ್ದು ಮತ್ತೆ ಬರುವ ಹೊತ್ತಿಗೆ ಆಕೆಗೆ ದೃಷ್ಟಿ ಇರುವುದಿಲ್ಲ. ಇದೇ ಕೊನೆಯದು ಎಂದು ಆಕೆಗೆ ಗೊತ್ತಿತ್ತು. ಬೇರೇನೂ ಬೇಡ, ಇದೊಂದನ್ನು ನೋಡಿ ಕಣ್ಣು ಮುಚ್ಚಿಕೊಂಡರೂ ಸೈ ಎಂದು ಕಾದಳು.

ಈಗ ಇತ್ತ ಬನ್ನಿ. ಅದಕ್ಕೂ ಕೆಲವು ವಾರ ಮುಂಚೆ ಗಣಿತಜ್ಞ ತನ್ನ ಲೈಬ್ರರಿಯನ್ನು ಸುಧಾರಿಸಲು ಕೂತಿದ್ದ. ಅಲ್ಲಿ ಇಲ್ಲಿ ಸವರಿ ಒಪ್ಪ ಮಾಡುತ್ತಿದ್ದವನು ಚಂದ್ರನ ಲೆಕ್ಕಕ್ಕೆ ಬಂದ. ಒಂದು ಸಣ್ಣ ಸಂಖ್ಯೆಯನ್ನು ಕಳೆಯಬೇಕಾದ ಕಡೆ ಕೂಡಿಸಲಾಗಿತ್ತು. ಅದನ್ನು ಬರೆದವನು ಅವನೇ. ಇಷ್ಟು ವರ್ಷ, ಇಷ್ಟು ಜನರ ಕೈಯಲ್ಲಿ, ಆ ತಪ್ಪು ಓಡಾಡಿಕೊಂಡಿತ್ತು. ಯಾರೋ ಒಬ್ಬ ಹೆಂಗಸು ಇದನ್ನೇ ಬರೆದಿದ್ದಳಲ್ಲ ಎಂಬುದು ಆಗ ನೆನಪಾಯಿತು. ತಾನು ಕೊಟ್ಟ ಉತ್ತರವೂ ನೆನಪಾಯಿತು.

ತಿದ್ದಿದ. ಹತ್ತಾರು ಬಗೆಯಲ್ಲಿ ಪರೀಕ್ಷೆ ಮಾಡಿ ನೋಡಿದ. ಈಗ ಲೆಕ್ಕ ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಹೊಸ ಆವೃತ್ತಿ ಬಿಡುವಾಗ ಏನೇನು ಬದಲಾಗಿದೆ ಎಂದು ಜೊತೆಗೆ ಬರೆಯುವುದು ಆ ಕಸುಬಿನವರ ರೂಢಿ. ಅವನು ಬರೆಯಲು ಕೂತ. ಚಂದ್ರನ ಲೆಕ್ಕ ತಪ್ಪಿತ್ತು ಎಂದು ಬರೆದರೆ ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ. ಆ ಹೆಂಗಸು ಹಳೆಯ ಉತ್ತರವನ್ನು ತೆಗೆದು ಮುಖಕ್ಕೆ ಹಿಡಿದರೂ ಹಿಡಿದಾಳು. ತಪ್ಪಂತೂ ಹೋಯಿತಲ್ಲ, ಇನ್ನೇಕೆ ಕೆದಕಬೇಕು ಎಂದುಕೊಂಡ. 'ಸಣ್ಣಪುಟ್ಟ ಸುಧಾರಣೆಗಳು' ಎಂದು ಬರೆದ. ನಿರಾಳವಾಗಿ ಊಟ ಮಾಡಿದ.

ಆಕೆ ಹೊರಡುವ ಮುಂಚೆ ಹೊಸ ಆವೃತ್ತಿ ಹಾಕಿಕೊಂಡಳು. ಬಹಳ ಎಚ್ಚರದ ಹೆಂಗಸು. ಏನು ಬದಲಾಗಿದೆ ಎಂದು ಮೊದಲು ಓದಿದಳು. ಚಂದ್ರನ ಮಾತೇ ಇರಲಿಲ್ಲ. ಗೆರೆಯ ಜಾಗ ತೆಗೆದಳು. ಎಂದಿನಂತೆ ತುಸು ಉತ್ತರಕ್ಕೆ ಸರಿದು ದೂರದರ್ಶಕ ಹೂಡಿದಳು.

ಅದೇ ಸಂಜೆ ಗಣಿತಜ್ಞನೂ ಆ ಸೀಮೆಗೆ ಬಂದಿದ್ದ. ತಿದ್ದಿದ ಲೆಕ್ಕ ಸರಿಯಿದೆಯೇ ಎಂದು ಕಣ್ಣಾರೆ ನೋಡುವ ಆಸೆ. ಲೈಬ್ರರಿ ಹೇಳಿದ ಜಾಗದಲ್ಲೇ ನಿಂತ. ನಕ್ಷತ್ರ ಆರಿತು, ಹೊತ್ತಿತು, ಮತ್ತೆ ಆರಿತು, ಮತ್ತೆ ಹೊತ್ತಿತು. ಒಬ್ಬನೇ ಚಪ್ಪಾಳೆ ತಟ್ಟಿದ. ಆ ಖುಷಿಯಲ್ಲಿ ಅದೇ ರಸ್ತೆಯಲ್ಲಿ ಉತ್ತರಕ್ಕೆ ಬರುತ್ತಿರುವಾಗ, ಹೊಲದಂಚಿನಲ್ಲಿ ಒಬ್ಬಾಕೆ ದೂರದರ್ಶಕ ಬಿಚ್ಚುತ್ತಿರುವುದು ಕಂಡಿತು. ಅವನೇ ಹೋಗಿ ಮಾತನಾಡಿಸಿದ.

"ನೋಡಿದಿರಾ? ಎಷ್ಟು ಚೆನ್ನಾಗಿತ್ತು!"

"ಇಲ್ಲ ಸರ್. ನಕ್ಷತ್ರ ಚಂದ್ರನ್ನ ಮುಟ್ಲೇ ಇಲ್ಲ, ಪಕ್ಕದಲ್ಲೇ ಹಂಗೇ ಹೋಯ್ತು. ನಾನು ಇಷ್ಟು ವರ್ಷ ಅಳೆದಿದ್ದೆಲ್ಲ ಸುಳ್ಳು ಅಂತಾಯ್ತು. ಆ ಲೈಬ್ರರಿ ಮಾಡಿದೋರು ಅವತ್ತೇ ಹೇಳಿದ್ರು, ಕಣ್ಣು ತೋರಿಸ್ಕೊಳ್ಳಿ ಅಂತ. ನಾನೇ ಹಟಕ್ಕೆ ಬಿದ್ದು ಅವರ ಮಾತು ಕೇಳಲಿಲ್ಲ. ಇದೊಂದನ್ನ ನೋಡ್ಬೇಕು ಅಂತಿತ್ತು. ಇನ್ನು ಕಣ್ಣೂ ಇರಲ್ಲ ನಂಗೆ."

ಅವನಿಗೆ ಸಿಡಿಲು ಬಡಿದಂತಾಯಿತು. ಎದುರಿಗಿದ್ದವಳು ಯಾರೆಂದು ತಿಳಿಯಿತು. ಆಕೆ ಎಲ್ಲಿ ನಿಂತಿದ್ದಳು, ಏಕೆ ಅಲ್ಲಿ ನಿಂತಳು, ಎಲ್ಲವೂ ಒಂದೇ ಏಟಿಗೆ ತಿಳಿದುಹೋಯಿತು. ನನಗೆ ಇದನ್ನು ಹೇಳುವಾಗಲೂ ಎದೆ ಧಸಕ್ಕೆನ್ನುತ್ತದೆ. ಅವನು ಕೇಳಿದ.

"ನಿಮ್ಮ ಅಳತೆ ಸರಿಯೇ ಇತ್ತೇನೋ. ತಪ್ಪು ಲೈಬ್ರರಿಯಲ್ಲೇ ಇದ್ದು, ಈಚೆಗೆ ತಿದ್ದಿರಬಹುದಲ್ಲ?"

ಆಕೆ ನಕ್ಕಳು. "ಸಮಾಧಾನಕ್ಕೆ ಹೇಳ್ಬೇಡಿ ಸರ್. ತಿದ್ದಿದ್ರೆ ಬರೀತಿದ್ರು. ಬರೋ ಮುಂಚೆ ಓದ್ಕೊಂಡೇ ಬಂದಿದೀನಿ. ಅಷ್ಟು ದೊಡ್ಡೋರು, ಇಂಥದ್ದನ್ನೆಲ್ಲ ಮುಚ್ಚಿಡ್ತಾರಾ?"

ಅವನು ಬಾಯಿ ತೆರೆದ. ನಾನೇ ಅವನು ಎನ್ನಲು ನಾಲಿಗೆ ಏಳಲಿಲ್ಲ. ಆಕೆ ದೂರದರ್ಶಕವನ್ನು ಎತ್ತಿ ಅವನ ಕೈಗೆ ಕೊಟ್ಟಳು. "ನೋಡೋ ಆಸೆ ಇರೋರು ನೀವು, ಇಟ್ಕೊಳ್ಳಿ. ನಂಗಿನ್ನು ಬೇಡ," ಎಂದಳು. ಬೇಲಿಯನ್ನು ಕೈಯಿಂದ ತಡವಿಕೊಳ್ಳುತ್ತಾ ರಸ್ತೆಗೆ ಹತ್ತಿ ಹೋದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಚೆನ್ನವೀರನ ಮೊದಲಿನ ನಗು ಹೋಗಿತ್ತು. ಆದರೂ ತಡೆಯಲಾರದೆ ಕೇಳಿದ.

"ಗುರುಗಳೇ, ಏನೇ ಆಗಲಿ, ಅವನು ತಪ್ಪನ್ನು ತಿದ್ದಿದನಲ್ಲ?"

ಗುರುಗಳು ಎಂದರು, "ಅವನೆಲ್ಲಿ ತಿದ್ದಿದ? ಲೆಕ್ಕದಿಂದ ತೆಗೆದು ಆಕೆಯ ತಲೆಗೆ ಕಟ್ಟಿದ."