ಹೊಂಡವ್ವನ ಮನೆಯಲ್ಲಿ ಹಾಲು ಉಕ್ಕಿದ್ದು

ಲೋಕ ಇನ್ನೂ ಆಗತಾನೇ ಸಾರಿಸಿದ ಅಂಗಳದ ಹಾಗೆ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ. ನದಿಗಳು ಯಾವ ಕಡೆ ಹೋಗಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೆ ಬಾಯಿತ್ತು, ನೀರಿಗೆ ಕಿವಿಯಿತ್ತು.

ಆಗ ನೀರಿಗೆಲ್ಲ ಮೀನು ಹಂಚಿದರು. ಸಮುದ್ರಕ್ಕೆ ಲೆಕ್ಕವಿಲ್ಲದಷ್ಟು ಸಿಕ್ಕಿತು. ನದಿಗೆ ಸಿಕ್ಕಿತು, ಕೆರೆಗೆ ಸಿಕ್ಕಿತು, ಬಾವಿಗೂ ನಾಲ್ಕು ಸಿಕ್ಕಿದವು. ಭತ್ತದ ಗದ್ದೆಯ ಬದುವಿನ ಪಕ್ಕ ಒಂದು ಪುಟ್ಟ ಹೊಂಡವಿತ್ತು. ಒಂದು ಎಮ್ಮೆ ಮಲಗಿದರೆ ಇನ್ನೊಂದಕ್ಕೆ ಜಾಗವಿಲ್ಲ, ಅಷ್ಟೇ ಅಗಲ. ಎಲ್ಲರೂ ಅವಳನ್ನು ಹೊಂಡವ್ವ ಅನ್ನುತ್ತಿದ್ದರು. ಅವಳಿಗೆ ಮಾತ್ರ ಒಂದು ಮೀನೂ ಸಿಗಲಿಲ್ಲ. ಮಡಿಲಲ್ಲಿ ಬರೀ ಸೊಳ್ಳೆಮರಿಗಳು. ಪಾಪ, ಅವಳಿಗೆ ಬಹಳ ಬೇಜಾರಾಗುತ್ತಿತ್ತು.

ಒಂದು ದಿನ ಮೂಡಣ ಗಾಳಿ ಬಂದ. ಅವನ ಕೈಯಲ್ಲಿ ಮುತ್ತುಗದ ಎಲೆಯ ದೊನ್ನೆ, ದೊನ್ನೆಯಲ್ಲಿ ನೀರು, ನೀರಿನಲ್ಲಿ ಒಂದು ಕೆಂಪು ಮೀನು. ಮೈ ನಿನ್ನ ಹೆಬ್ಬೆರಳಿನಷ್ಟು, ಬಾಲ ಮಾತ್ರ ರೇಷ್ಮೆ ಸೀರೆಯ ಸೆರಗಿನಷ್ಟು. ಹೆಸರು ಕೆಂಚ. ನಿನ್ನೆ ನೀನು ಅಂಗಡಿಯಿಂದ ಕವರಿನಲ್ಲಿ ತಂದೆಯಲ್ಲ ಪುಟ್ಟಿ, ಆ ಫೈಟರ್ ಮೀನಿನ ಮುತ್ತಜ್ಜನ ಮುತ್ತಜ್ಜ ಅವನೇ.

ದೂರದ ಮೂಡಣ ಸೀಮೆಯಲ್ಲಿ ಕೆಂಚನಿದ್ದ ನೀರು ಬತ್ತಿಹೋಗಿತ್ತಂತೆ. ಗಾಳಿ ಅವನನ್ನು ಹೊಂಡವ್ವನಿಗೆ ಒಪ್ಪಿಸಿ ಎರಡು ಮಾತು ಹೇಳಿದ. ದೊನ್ನೆಯನ್ನು ಸ್ವಲ್ಪ ಹೊತ್ತು ನಿನ್ನ ಮೇಲೆ ಹಾಗೇ ತೇಲಲು ಬಿಡು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಸಮ ಬೆಚ್ಚಗಾಗಲಿ, ಆಮೇಲೆ ಮೆಲ್ಲಗೆ ಇಳಿಸಿಕೋ ಅಂದ. ಹುಣ್ಣಿಮೆ ದಿನ ಬಂದು ನೋಡುತ್ತೇನೆ, ಇಲ್ಲಿ ಒಗ್ಗದಿದ್ದರೆ ಕೆರೆಗೆ ಕರೆದುಕೊಂಡು ಹೋಗುತ್ತೇನೆ ಅಂತಲೂ ಅಂದ.

ಹೊಂಡವ್ವ ಹೂಂ ಅಂದಳು. ಗಾಳಿ ಬೆನ್ನು ತಿರುಗಿಸಿದನೋ ಇಲ್ಲವೋ, ದೊನ್ನೆಯನ್ನು ಮಗುಚಿ ಕೆಂಚನನ್ನು ಬಾಚಿಕೊಂಡಳು. ಇಷ್ಟು ದಿನ ಕಾದವಳಿಗೆ ಇನ್ನಷ್ಟು ಹೊತ್ತು ಕಾಯಲು ಆಗಲಿಲ್ಲ.

ಕೆಂಚ ಗಡಗಡ ನಡುಗಿದ. ಕೆಂಪು ಬಣ್ಣ ಮಾಸಿತು. ಸೆರಗಿನಂಥ ಬಾಲವನ್ನು ಮಡಚಿಕೊಂಡು ಕಲ್ಲಿನ ಹಿಂದೆ ಹೋಗಿ ಕೂತುಬಿಟ್ಟ.

ನಮ್ಮ ಕಡೆಯವರ ಕಾಯಿಲೆ ನಿನಗೆ ಗೊತ್ತಲ್ಲ, ಯಾರಾದರೂ ಸಪ್ಪಗೆ ಕೂತರೆ ಹೊಟ್ಟೆಗೆ ಹಾಕುವುದೊಂದೇ ಔಷಧಿ. ಹೊಂಡವ್ವನೂ ಅದನ್ನೇ ಮಾಡಿದಳು. ಒಂದು ಸೊಳ್ಳೆಮರಿ ತಿನ್ನು ಅಂದಳು. ಇನ್ನೊಂದು ತಿನ್ನು ಅಂದಳು. ನನ್ನಾಣೆ ಇದೊಂದು ತುತ್ತು ಅಂದಳು. ಬೇಡ ಅನ್ನಲು ಸಂಕೋಚಪಟ್ಟು ಕೆಂಚ ತಿಂದ, ತಿಂದ, ಹೊಟ್ಟೆ ನೆಲ್ಲಿಕಾಯಿಯ ಹಾಗೆ ಉಬ್ಬಿತು. ತಿನ್ನದೆ ಬಿಟ್ಟದ್ದು ಕೊಳೆತು ನೀರು ನಾರಿತು.

ಸಾಲದು ಅಂತ ನೆಂಟರು ಬಂದರು. ಹೊಸ ಸೊಸೆಯನ್ನು ನೋಡಲು ಊರೇ ಬರುವುದಿಲ್ಲವೇ, ಹಾಗೆ. ಕಪ್ಪೆ ಬಂದು ಕಲ್ಲನ್ನು ಟಕಟಕ ತಟ್ಟಿ, ಹೊರಗೆ ಬಾ, ನಿನ್ನ ಮುಖ ನೋಡಬೇಕು ಅಂದಿತು. ಏಡಿ ಬಂದು ಬಾಲದ ಅಂಚನ್ನು ಹಿಡಿದು, ನೇಯ್ಗೆ ಚೆನ್ನಾಗಿದೆ ಅಂದಿತು. ಪಾಪ, ಜೊತೆಗೆ ಯಾರೂ ಇಲ್ಲವಲ್ಲ ಅಂತ ಹೊಂಡವ್ವ ತನ್ನ ಮೈಯನ್ನೇ ಕನ್ನಡಿ ಮಾಡಿ ಅವನ ನೆರಳನ್ನು ಅವನಿಗೇ ತೋರಿಸಿದಳು. ಇದ್ಯಾರೋ ಮನೆ ಕಸಿಯಲು ಬಂದ ಅಂತ ಕೆಂಚ ಕಿವಿರು ಅಗಲಿಸಿ ಸಂಜೆಯವರೆಗೂ ಅದರ ಜೊತೆ ಜಗಳವಾಡಿದ. ಗೆದ್ದವರು ಯಾರೂ ಇಲ್ಲ, ಸುಸ್ತಾದವನು ಒಬ್ಬನೇ.

ಮಾರನೆಯ ದಿನ ಅವನು ಒಂದು ಮಗ್ಗುಲಿಗೆ ವಾಲಿ ಮಲಗಿದ್ದ. ಮಗ ಉಳಿಯುವುದಿಲ್ಲ ಅನ್ನಿಸಿ ಹೊಂಡವ್ವ ಅತ್ತಳು. ಅಳುತ್ತಲೇ ಆಮೆಜ್ಜಿಗೆ ಹೇಳಿ ಕಳಿಸಿದಳು.

ಆಮೆಜ್ಜಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು, ಆಮೆ ತಾನೆ. ಬಂದವಳು ಕೆಂಚನನ್ನು ನೋಡಿದಳು, ನೀರನ್ನು ಮೂಸಿದಳು.

“ಅವನಿಗೆ ಊಟ ಬ್ಯಾಡ ಕಣವ್ವ, ಮರೆ ಬೇಕು,” ಅಂದಳು. “ನೀನು ಪ್ರೀತಿ ಮಾಡಿದ್ದು ಸಾಕು. ನಾಕು ದಿನ ಸುಮ್ಕಿರು.”

ಹೊಂಡವ್ವ ನೆಂಟರನ್ನೆಲ್ಲ ಮನೆಗೆ ಕಳಿಸಿದಳು. ಬದುವಿನ ಬಿಲದಿಂದ ಕೊಳಕು ನೀರನ್ನು ಅರ್ಧ ಹೊರಗೆ ಬಿಟ್ಟು, ಗದ್ದೆಯಲ್ಲಿ ಬಿಸಿಲಿಗೆ ಕಾದಿದ್ದ ತಿಳಿನೀರನ್ನು ಸಣ್ಣಗೆ, ಸಣ್ಣಗೆ ಒಳಗೆ ಬಿಟ್ಟುಕೊಂಡಳು. ಕಲ್ಲಿನ ಮೇಲೆ ಒಂದು ತಾವರೆ ಎಲೆಯನ್ನು ಹಾಸಿ ನೆರಳು ಮಾಡಿದಳು. ಬೆಳಿಗ್ಗೆ ಎರಡು ಸೊಳ್ಳೆಮರಿ, ಅಷ್ಟೇ. ಆಮೇಲೆ ಬಾಯಿ ಮುಚ್ಚಿಕೊಂಡಳು. ಹೊಂಡವ್ವನಿಗೆ ಮಾತಿಲ್ಲದೆ ಇರುವುದು ಎಷ್ಟು ಕಷ್ಟ ಅಂದರೆ, ನೀನು ಒಂದು ಗಳಿಗೆ ಕೈಕಟ್ಟಿ ಕೂತು ನೋಡು, ತಿಳಿಯುತ್ತದೆ.

ಮೊದಲ ದಿನ ಕೆಂಚ ಕದಲಲಿಲ್ಲ. ಹೊಂಡವ್ವ ಸುಮ್ಮನಿದ್ದಳು. ಎರಡನೆಯ ದಿನ ಅವನು ಎದ್ದು ನೆಟ್ಟಗಾದ. ಹೊಂಡವ್ವ ಸುಮ್ಮನಿದ್ದಳು. ಮೂರನೆಯ ದಿನ ಕಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಅವಳಿಗೆ ಕೂಗಿ ಊರಿಗೆಲ್ಲ ಹೇಳಬೇಕೆನಿಸಿತು. ಆದರೂ ಸುಮ್ಮನಿದ್ದಳು. ನಾಲ್ಕನೆಯ ದಿನ ಅವನ ಬಾಲ ಪೂರ್ತಿ ಬಿಚ್ಚಿಕೊಂಡಿತು. ಅವನಾಗಿಯೇ ಹತ್ತಿರ ಬಂದು ಮೊದಲ ಸಲ ಅವ್ವಾ ಅಂದ.

ಅವ್ವ ಅಂದದ್ದೇನೋ ಸರಿ, ಅದರ ಹಿಂದೆಯೇ ಇನ್ನೊಂದು ಮಾತಿತ್ತು. ನಿನ್ನ ಮನೆ ಬೆಚ್ಚಗಿದೆ ಅವ್ವಾ, ಆದರೆ ನನಗೆ ಉಸಿರು ಸಾಲುತ್ತಿಲ್ಲ ಅಂದ. ಹೊಂಡವ್ವ ತಲೆ ತಗ್ಗಿಸಿದಳು. ಅವಳದು ನಿಂತ ನೀರು. ಅಲೆಯಿಲ್ಲ, ಹರಿವಿಲ್ಲ, ಉಸಿರು ಎಲ್ಲಿಂದ ಬರಬೇಕು?

ಹುಣ್ಣಿಮೆ ದಿನ ಬೆಳಿಗ್ಗೆಯೇ ಗಾಳಿ ಬಂದ, ದೊನ್ನೆ ಹಿಡಿದುಕೊಂಡು. ಅವನು ಕೇಳುವ ಮೊದಲೇ ಹೊಂಡವ್ವ ಬಾಯಿಬಿಟ್ಟಳು.

“ಕರ್ಕೊಂಡು ಹೋಗಪ್ಪ. ಕೆರೆವ್ವನ ಹತ್ರ ಉಸಿರೈತೆ. ನನ್ ಮನೇಲಿ ಇಲ್ದಿದ್ರೂ ಸರಿ, ಮಗ ಬದುಕ್ಲಿ.”

ಗಾಳಿ ದೊನ್ನೆ ಹಿಡಿದು ನೀರಿನ ಮೇಲೆ ಬಗ್ಗಿದ. ಕೆಂಚ ಮೇಲೆ ಬಂದ. ಬಂದವನು ದೊನ್ನೆಗೆ ಹಾರಲಿಲ್ಲ. ಮೂತಿಯನ್ನು ನೀರಿನಿಂದಾಚೆ ಚಾಚಿ, ಗಾಳಿಯನ್ನೇ ಗಬಕ್ಕನೆ ಒಂದು ಗುಟುಕು ಕುಡಿದುಬಿಟ್ಟ.

ಗಾಳಿಗೆ ಕಚಗುಳಿಯಾಗಿ ನಗು ಬಂತು. ಕೆಂಚ ಇನ್ನೊಂದು ಗುಟುಕು ಕುಡಿದ. ಮೈಯ ಕೆಂಪು ದಾಸವಾಳದ ಹಾಗೆ ಅರಳಿತು.

“ನೀರಲ್ಲಿ ಸಾಲದ ಉಸಿರನ್ನ ಮೇಲಿಂದ ತಗೋತೀನಿ,” ಅಂದ. “ನನ್ನವ್ವ ಇಲ್ಲೇ ಅವ್ಳೆ. ನಾನೂ ಇಲ್ಲೇ.”

ಆಗ ಏಡಿ ಅಡ್ಡ ಬಂದಿತು. ಶಾಸ್ತ್ರ ಸಂಪ್ರದಾಯ ಅಂದರೆ ಅದಕ್ಕೆ ಪ್ರಾಣ. ಹೊಸ ಮನೆಗೆ ಬಂದವರು ಒಲೆ ಹಚ್ಚಿ ಹಾಲು ಉಕ್ಕಿಸಬೇಕು, ಹಾಲು ಉಕ್ಕಿ ಪಾತ್ರೆಯಿಂದ ಹೊರಗೆ ಚೆಲ್ಲುವವರೆಗೂ ಮನೆ ಅವರದಾಗುವುದಿಲ್ಲ ಅಂದಿತು. ಅದೂ ನಿಜವೇ. ನೀರಿನೊಳಗೆ ಒಲೆ ಎಲ್ಲಿ ಹಚ್ಚುವುದು? ಹಾಲನ್ನು ಯಾರು ತರುವುದು? ಹೊಂಡವ್ವನ ಮುಖ ಮತ್ತೆ ಬಾಡಿತು.

ಕೆಂಚ ಸರಕ್ಕನೆ ತಿರುಗಿದ. ತಾವರೆ ಎಲೆಯ ಕೆಳಗೆ ಹೋದ. ಒಂದು ಗುಟುಕು ಗಾಳಿ ಕುಡಿದು ಒಂದು ಗುಳ್ಳೆ ಬಿಟ್ಟ. ಇನ್ನೊಂದು ಗುಟುಕು, ಇನ್ನೊಂದು ಗುಳ್ಳೆ. ಗುಳ್ಳೆಯ ಪಕ್ಕ ಗುಳ್ಳೆ, ಗುಳ್ಳೆಯ ಮೇಲೆ ಗುಳ್ಳೆ. ಬೆಳ್ಳಗೆ ನೊರೆ ಎದ್ದಿತು. ಏರಿತು, ಉಬ್ಬಿತು, ಎಲೆಯ ಅಂಚನ್ನು ದಾಟಿ ಹೊರಗೆ ಚೆಲ್ಲಿತು.

ಹಾಲು ಉಕ್ಕಿತು ಅಂತ ಮೊದಲು ಕೂಗಿದ್ದು ಏಡಿಯೇ. ಕಪ್ಪೆಗಳು ವಾಲಗ ಊದಿದವು. ಗಾಳಿ ಖಾಲಿ ದೊನ್ನೆ ಹಿಡಿದು ಶಿಳ್ಳೆ ಹಾಕುತ್ತ ಹೋದ. ಹೊಂಡವ್ವ ಎಷ್ಟು ನಕ್ಕಳೆಂದರೆ ಅವಳ ಅಲೆಗಳು ಬದು ದಾಟಿ ಪಕ್ಕದ ಗದ್ದೆಯನ್ನೂ ನೆನೆಸಿದವು.

ಅದಕ್ಕೇ ಪುಟ್ಟಿ, ನಿನ್ನ ಗಾಜಿನ ತೊಟ್ಟಿಯ ಮೀನು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಒಂದು ಬೆಳಿಗ್ಗೆ ಎದ್ದಾಗ ನೀರಿನ ಮೇಲೆ ಬಿಳಿ ನೊರೆ ಕಂಡರೆ ಕೊಳೆ ಅಂತ ಬಳಿದು ಹಾಕಬೇಡ, ನಮ್ಮ ಮನೆಯನ್ನು ತನ್ನ ಮನೆ ಅಂತ ಒಪ್ಪಿಕೊಂಡು ಅವನು ಹಾಲು ಉಕ್ಕಿಸಿದ್ದಾನೆ.