ಹುಲ್ಲು ಯಂತ್ರದ ಎಂಟನೆಯ ಭಾಗ

“ಬುದ್ಧಿ, ಹುಲ್ಲು ಕತ್ತರಿಸುವ ಯಂತ್ರದ ಏಳು ಭಾಗಗಳಲ್ಲಿ ಮುಖ್ಯವಾದುದು ಯಾವುದು?”

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಠದಲ್ಲಿ ಈ ಪ್ರಶ್ನೆ ಎದ್ದಿತು. ಕೇಳಿದವನು ಮರುಳಸಿದ್ಧನೆಂಬ ಶಿಷ್ಯ. ಪರಿಸ್ಥಿತಿ ಗಂಭೀರವಾಗಿತ್ತು. ಭಕ್ತರೊಬ್ಬರು ಮಠದ ಶಾಲೆಯ ಮೈದಾನಕ್ಕೆಂದು, ಮೇಲೆ ಕೂತು ಓಡಿಸುವಂಥ ಹುಲ್ಲಿನ ಯಂತ್ರವೊಂದನ್ನು ಕಾಣಿಕೆಯಾಗಿ ಕೊಟ್ಟಿದ್ದರು. ಅದರ ಭಾಗಗಳನ್ನು ಅರಿತು ಉಳಿದವರಿಗೆ ಕಲಿಸುವ ಹೊಣೆ ಮರುಳಸಿದ್ಧನ ಪಾಲಿಗೆ ಬಂದಿತ್ತು. ಯಂತ್ರದ ಜೊತೆಗೆ ಬಂದ ಪುಸ್ತಕವನ್ನು ಓದಿ ಅವನು ಏಳು ಭಾಗಗಳನ್ನು ಬಾಯಿಪಾಠ ಮಾಡಿದ್ದ. ಆದರೆ ಯಾವುದು ಮುಖ್ಯ ಎಂಬ ವಿಷಯದಲ್ಲಿ ಮಠ ಮೂರು ಪಂಗಡವಾಗಿತ್ತು. ಎಂಜಿನ್ ಎನ್ನುವವರು ಬ್ಯಾಟರಿ ಎನ್ನುವವರ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟಿದ್ದರು. ಅಲಗು ಎನ್ನುವವನು ಒಬ್ಬನೇ ಇದ್ದ; ಅವನು ಅಡುಗೆಯವನಾದ್ದರಿಂದ ಅವನ ಮಾತಿಗೂ ತೂಕವಿತ್ತು. ಈ ನಡುವೆ ಹುಲ್ಲು ಬೆಳೆಯುತ್ತಲೇ ಇತ್ತು.

“ನಿನಗೆ ಯಾವುದು ಅನಿಸುತ್ತದೆ?” ಎಂದು ಗುರುಗಳು ಕೇಳಿದರು.

“ಬೆಳಿಗ್ಗೆ ಎಂಜಿನ್ ಅನಿಸುತ್ತದೆ ಬುದ್ಧಿ. ಊಟವಾದ ಮೇಲೆ ಅಲಗು ಅನಿಸುತ್ತದೆ. ಒಂದೂ ತಿಳಿಯುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಊರಾಚೆ ಒಂದು ಕಲ್ಯಾಣಮಂಟಪವಿತ್ತು. ಮಂಟಪದ ಮುಂದೆ ಎರಡು ಎಕರೆ ಹುಲ್ಲುಹಾಸು ಇತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮಾಲಿಯಿದ್ದ. ಮಾಲಿ ಇಪ್ಪತ್ತು ವರ್ಷ ಕೈಯಲ್ಲಿ ತಳ್ಳುವ ಯಂತ್ರದಿಂದ ಹುಲ್ಲು ಕತ್ತರಿಸಿದ್ದ. ಮಂಟಪದ ಅಡುಗೆಮನೆಯ ಹಿಂದಿನ ಒಂದು ಕೋಣೆಯಲ್ಲಿ ಹೆಂಡತಿಯೊಂದಿಗೆ ವಾಸವಾಗಿದ್ದ. ಅವರಿಗೆ ಬೇರೆ ಮನೆ ಇರಲಿಲ್ಲ.

ಒಂದು ವರ್ಷ ವರ್ತಕ ಕೂತು ಓಡಿಸುವ ಯಂತ್ರ ತರಿಸಿದ. ಅಂಗಡಿಯ ಮೆಕ್ಯಾನಿಕ್ ಬಂದು ಮಾಲಿಗೆ ಭಾಗಗಳನ್ನು ತೋರಿಸಿದ. ಬ್ಯಾಟರಿ ಎಂಜಿನ್ನನ್ನು ಎಬ್ಬಿಸುತ್ತದೆ. ಎಂಜಿನ್ನಿನ ಶಕ್ತಿಯನ್ನು ಬೆಲ್ಟು ಚಕ್ರಕ್ಕೂ ಅಲಗಿಗೂ ಒಯ್ಯುತ್ತದೆ. ಅಲಗು ಯಂತ್ರದ ಹೊಟ್ಟೆಯ ಕೆಳಗೆ ತಿರುಗಿ ಹುಲ್ಲು ಕೊಯ್ಯುತ್ತದೆ. ಅಲಗಿನ ಮೇಲೆ ಕವುಚಿದ ಬಾಣಲೆಯಂಥ ಕವಚವಿದೆ. ಕಲ್ಲು ಸಿಡಿದರೆ ಅದು ತಡೆಯುತ್ತದೆ. ಸ್ಟೇರಿಂಗ್ ದಿಕ್ಕು ತೋರಿಸುತ್ತದೆ, ಬ್ರೇಕು ನಿಲ್ಲಿಸುತ್ತದೆ. ಮಾಲಿ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದ. ಆಮೇಲೆ ಯಂತ್ರದ ಮೇಲೆ ಕೂತು ಒಂದು ಸುತ್ತು ಬಂದ. ಮೆಕ್ಯಾನಿಕ್ ಕಾಫಿ ಕುಡಿದು ಹೋದ.

ಮರುದಿನ ಮಾಲಿ ಹುಲ್ಲು ಕತ್ತರಿಸುತ್ತಿದ್ದಾಗ ವರ್ತಕ ನೋಡಲು ಬಂದ. ಯಜಮಾನನನ್ನು ಕಂಡು ಮಾಲಿ ಎದ್ದು ನಿಂತ. ಯಂತ್ರ ನಿಂತುಹೋಯಿತು.

“ಏನಾಯ್ತೋ?” ಎಂದು ವರ್ತಕ ಕೇಳಿದ.

“ಗೊತ್ತಾಗ್ಲಿಲ್ಲ ಸಾವ್ಕಾರ್ರೇ. ಈಗ ತಾನೆ ಚೆನ್ನಾಗಿ ಓಡ್ತಿತ್ತು.”

ವರ್ತಕ ಸ್ವಲ್ಪ ಹೊತ್ತು ಯಂತ್ರವನ್ನು ನೋಡಿದ, ಯಂತ್ರದಲ್ಲಿ ಏನೂ ಬದಲಾಗಲಿಲ್ಲ. ಅವನು ಹೋದ. ಮಾಲಿ ಸೀಟಿನ ಮೇಲೆ ಕೂತು ಕೀಲಿ ತಿರುಗಿಸಿದ. ಯಂತ್ರ ಓಡಿತು.

ಮಂಗಳವಾರ ಹೀಗೇ ಆಯಿತು. ಬುಧವಾರವೂ ಆಯಿತು. ವರ್ತಕ ಬಂದರೆ ಯಂತ್ರ ನಿಲ್ಲುತ್ತಿತ್ತು, ಹೋದರೆ ಓಡುತ್ತಿತ್ತು. ಮಾಲಿ ಏಳು ಭಾಗಗಳನ್ನೂ ಒಂದೊಂದಾಗಿ ನೋಡಿದ. ಬ್ಯಾಟರಿಯ ತಂತಿ ಬಿಗಿ ಮಾಡಿದ. ಬೆಲ್ಟನ್ನು ಎಳೆದು ನೋಡಿದ. ಕವಚಕ್ಕೆ ಅಂಟಿದ ಹುಲ್ಲನ್ನು ಕೆರೆದು ತೆಗೆದ. ಅವನ ಹೆಂಡತಿ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಗುರುವಾರ ವರ್ತಕ ಬಂದ, ಯಂತ್ರ ನಿಂತಿತು.

ವರ್ತಕ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ, “ನನ್ನ ಕಣ್ಣು ಕೆಟ್ಟದ್ದೇನೇ?”

“ಮದುವೆಯಾದಾಗಿಂದ ಹೇಳ್ತಾನೇ ಇದ್ದೀನಲ್ಲ” ಎಂದಳು ಅವಳು.

ಈ ಮಾತು ಅವನ ಮನಸ್ಸಿಗೆ ನಾಟಿತು. ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿ, ಮರುದಿನ ಮಂಟಪದ ಕಂಬದ ಹಿಂದೆ ಅಡಗಿ ನಿಂತು ನೋಡಿದ. ಯಂತ್ರ ಓಡುತ್ತಲೇ ಇತ್ತು. ಕಾಲು ಗಂಟೆ ರೆಪ್ಪೆ ಮಿಟುಕಿಸದೆ ನೋಡಿದ. ಆಗಲೂ ಓಡುತ್ತಿತ್ತು. ಕಣ್ಣಿನ ದೋಷವಲ್ಲ ಎಂದು ಸಮಾಧಾನವಾಗಿ ಕಂಬದ ಮರೆಯಿಂದ ಈಚೆಗೆ ಬಂದ. ಮಾಲಿ ಅವನನ್ನು ಕಂಡು ಎದ್ದ. ಯಂತ್ರ ನಿಂತಿತು. ವರ್ತಕನಿಗೆ ಮೊದಲು ಒಂದು ಗೊಂದಲವಿತ್ತು, ಈಗ ಎರಡಾದವು.

ಮೆಕ್ಯಾನಿಕ್ ಮತ್ತೆ ಬಂದ. ಅವನು ದೂರದ ಊರಿನವನು, ಅವಸರದವನು. ತಾನೇ ಕೂತು ಯಂತ್ರವನ್ನು ವರ್ತಕನ ಎದುರಿಗೇ ಮೂರು ಸುತ್ತು ಓಡಿಸಿದ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

“ಗಾಡಿ ಕಂಡೀಶನ್ನಾಗಿದೆ ಸಾರ್” ಎಂದ. “ಓಡಿಸೋರಿಗೆ ಗೊತ್ತಿಲ್ಲ ಅನ್ಸುತ್ತೆ.”

“ಏಳೂ ಭಾಗ ಹೇಳೋ” ಎಂದ ವರ್ತಕ. ಮಾಲಿ ಏಳನ್ನೂ ಹೇಳಿದ. ಯಾವುದು ಯಾವುದಕ್ಕೆ ಎಂದೂ ಹೇಳಿದ. ಒಂದೂ ತಪ್ಪಲಿಲ್ಲ. ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆದರೆ ಬಸ್ಸಿನ ಹೊತ್ತಾಗಿತ್ತು.

ಅವನು ಹೋದ ಮೇಲೆ ವರ್ತಕ ಮಾಲಿಗೆ ಹೇಳಿದ, “ನೋಡು, ಯಂತ್ರ ಸರಿಯಾಗಿದೆ. ನಾನೂ ಸರಿಯಾಗಿದ್ದೀನಿ. ಇನ್ನು ಉಳಿದೋನು ನೀನೊಬ್ಬನೇ. ಸೋಮವಾರ ಬರ್ತೀನಿ. ನನ್ನ ಕಣ್ಣೆದುರಿಗೆ ಅಷ್ಟೂ ಹುಲ್ಲು ಕತ್ತರಿಸಿ ತೋರಿಸು. ಆಗ್ಲಿಲ್ಲ ಅಂದ್ರೆ ಕೋಣೆ ಬೀಗದ ಕೈ ಕೊಟ್ಟು ಹೊರಡು.”

ಶನಿವಾರ ಮಾಲಿ ಒಬ್ಬನೇ ಯಂತ್ರ ಓಡಿಸುತ್ತಿದ್ದ. ಮುಂದಿನ ಚಕ್ರದ ಬಳಿ ಯಾವುದೋ ಮದುವೆಯವರು ಬಿಟ್ಟುಹೋದ ಸ್ಟೀಲ್ ಲೋಟವೊಂದು ಮಿಂಚಿತು. ಅದನ್ನು ನೋಡಲು ಅವನು ಸೀಟಿನಿಂದ ಅರ್ಧ ಎದ್ದ. ಯಂತ್ರ ನಿಂತಿತು. ಅವನು ಸುತ್ತ ನೋಡಿದ. ಯಜಮಾನ ಎಲ್ಲೂ ಇರಲಿಲ್ಲ. ಕೂತು ಚಾಲೂ ಮಾಡಿದ, ಅಲಗಿನ ಲಿವರ್ ಎಳೆದ, ಎದ್ದ. ನಿಂತಿತು. ಮತ್ತೆ ಕೂತ, ಮತ್ತೆ ಎದ್ದ. ಹೀಗೆ ಹನ್ನೊಂದು ಸಲ ಮಾಡಿದ. ಆಮೇಲೆ ಸೀಟನ್ನು ಎತ್ತಿ ನೋಡಿದ. ಅದರ ಕೆಳಗೆ ಸಣ್ಣದೊಂದು ಗುಂಡಿಯಿತ್ತು. ಮೇಲೆ ಆಳಿನ ಭಾರವಿದ್ದರೆ ಗುಂಡಿ ಒತ್ತಿಕೊಂಡಿರುತ್ತದೆ. ಭಾರ ಎದ್ದರೆ ಗುಂಡಿಯೂ ಏಳುತ್ತದೆ, ಎಂಜಿನ್ ನಿಲ್ಲುತ್ತದೆ. ಕೂತವನು ಕೆಳಗೆ ಬಿದ್ದರೆ ತಿರುಗುವ ಅಲಗು ಅವನ ಕಾಲು ಕೊಯ್ಯದಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಮಾಲಿಗೆ ಸಂತೋಷವಾಯಿತು. ಸ್ವಲ್ಪ ಹೊತ್ತಿನ ಮೇಲೆ ಸಂತೋಷ ಇಳಿಯಿತು.

ಮಂಟಪದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕೇಳಿದಳು, “ಏನ್ ನಿಮ್ದು, ಎದ್ದು ಕೂತು, ಎದ್ದು ಕೂತು? ಮೈಗೆ ಹುಷಾರಿದೆ ತಾನೆ?”

ಮಾಲಿ ಗುಂಡಿಯ ವಿಷಯ ಹೇಳಿದ.

“ಇಷ್ಟೇನಾ? ಹಾಗಂತ ಸಾವ್ಕಾರ್ರಿಗೆ ಹೇಳಿಬಿಡಿ.”

“ಏನಂತ ಹೇಳ್ಲೇ? ನೀವು ಬಂದಾಗ ನಾನು ಏಳಲ್ಲ, ಕೂತೇ ಇರ್ತೀನಿ ಅಂತ್ಲಾ? ಬಾಯಿ ಬರುತ್ತಾ?”

“ಬರ್ದಿದ್ರೆ ಬಿಡಿ. ಸುಮ್ನೆ ಕೂತಿರಿ. ಹೊರಡು ಅಂದಮೇಲೆ ಎಲ್ಲಿಗೆ ಹೋಗೋದು ಅದನ್ನ ಹೇಳಿ.”

ಎಲ್ಲಿಗೆ ಎಂದು ಮಾಲಿಗೆ ಗೊತ್ತಿರಲಿಲ್ಲ. ಭಾನುವಾರವಿಡೀ ಯೋಚಿಸಿದ. ಎದ್ದರೆ ಕೋಣೆ ಹೋಗುತ್ತದೆ. ಏಳದಿದ್ದರೆ ಮರ್ಯಾದೆ ಹೋಗುತ್ತದೆ. ಅದೂ ತನ್ನದಲ್ಲ, ಯಜಮಾನನದು. ಯಂತ್ರದ ಪುಸ್ತಕ ತೆರೆದ. ಅದರಲ್ಲಿ ಮರ್ಯಾದೆಯ ಬಗ್ಗೆ ಏನೂ ಬರೆದಿರಲಿಲ್ಲ.

ಸೋಮವಾರ ವರ್ತಕ ಬಂದ. ಮಂಟಪದ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಮಾಲಿ ಆಗಲೇ ಯಂತ್ರ ಓಡಿಸುತ್ತಿದ್ದ. ಯಜಮಾನನನ್ನು ಕಂಡಾಗ ಅವನ ಮೊಣಕಾಲು ತಾನಾಗಿ ಏಳಲು ನೋಡಿತು. ಮಾಲಿ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದ. ಕೂತಲ್ಲಿಂದಲೇ ಎರಡೂ ಕೈ ಮುಗಿದ. ಯಂತ್ರ ಒಂದಿಷ್ಟು ಸೊಟ್ಟಗೆ ಹೋಯಿತು. ಮತ್ತೆ ಸ್ಟೇರಿಂಗ್ ಹಿಡಿದು ಸರಿಪಡಿಸಿದ. ಸುತ್ತಿನ ಮೇಲೆ ಸುತ್ತು ಬಂದ. ಪ್ರತಿ ಸಲ ಮೆಟ್ಟಿಲ ಎದುರಿಗೆ ಬಂದಾಗಲೂ ತಲೆಯನ್ನು ಸ್ಟೇರಿಂಗ್ ಮುಟ್ಟುವಷ್ಟು ತಗ್ಗಿಸಿದ. ಏಳಲಿಲ್ಲ. ಎರಡು ಎಕರೆಯೂ ಮುಗಿಯಿತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಮಾಲಿ ಯಂತ್ರ ಆರಿಸಿ, ಇಳಿದು, ಬಂದು ಕೈಕಟ್ಟಿ ನಿಂತ. ವರ್ತಕ ಹುಲ್ಲಿನ ಕಡೆ ನೋಡಲಿಲ್ಲ. ಇಪ್ಪತ್ತು ವರ್ಷ ಮಾಲಿ ಎದ್ದು ನಿಂತದ್ದನ್ನು ಅವನು ಒಂದು ದಿನವೂ ಗಮನಿಸಿರಲಿಲ್ಲ. ಅಂದು ಏಳದಿದ್ದುದನ್ನು ಗಮನಿಸಿದ್ದ.

“ಯಂತ್ರ ಸರಿಹೋಯ್ತು” ಎಂದ. “ನೀನು ಕೆಟ್ಟೆಯಲ್ಲೋ.”

“ಸಾವ್ಕಾರ್ರೇ, ಸೀಟಿನ ಕೆಳಗೆ ಒಂದು ಗುಂಡಿ…”

“ಸೀಟು ಸಿಕ್ಕಿದ ಕೂಡಲೇ ಎಲ್ಲರೂ ಹೀಗೇ. ಬೀಗದ ಕೈ ಅಲ್ಲಿಡು.”

ಮಾಲಿ ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟ. ಅವನೂ ಅವನ ಹೆಂಡತಿಯೂ ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿ ಮಾಡಿದರು.

ಒಂದು ವಾರ ಕಳೆದು ಹೊಸ ಮಾಲಿ ಬಂದ. ಮೆಕ್ಯಾನಿಕ್ ಅವನಿಗೂ ಏಳು ಭಾಗಗಳನ್ನು ಕಲಿಸಿದ. ಹೊಸಬ ಬೇಗ ಕಲಿತ. ಮರುದಿನ ಅವನು ಹುಲ್ಲು ಕತ್ತರಿಸುತ್ತಿದ್ದಾಗ ವರ್ತಕ ನೋಡಲು ಬಂದ. ಹೊಸ ಮಾಲಿ ವಿನಯವಂತ, ಕಂಡ ಕೂಡಲೇ ಎದ್ದು ನಿಂತ. ಯಂತ್ರ ನಿಂತುಹೋಯಿತು. ವರ್ತಕನಿಗೆ ಏನೂ ತಿಳಿಯಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಾಲಿ ಕಲಿತಿದ್ದ, ಕೆಲಸ ಹೋಯಿತು. ವರ್ತಕ ಕಲಿಯಲಿಲ್ಲ, ಅವನಿಗೆ ಏನೂ ಆಗಲಿಲ್ಲ. ಯಂತ್ರ ಎಲ್ಲರೊಂದಿಗೂ ಒಂದೇ ರೀತಿ ನಡೆದುಕೊಂಡಿತ್ತು. ಇದರಲ್ಲಿ ಪಾಠ ಯಾರದು ಎಂದು ಅವನಿಗೆ ಹೊಳೆಯಲಿಲ್ಲ. ಆದರೂ ಹಿಂತಿರುಗಿ ಹೋದರೆ ಮೂರು ಪಂಗಡಕ್ಕೂ ಏನಾದರೂ ಹೇಳಲೇಬೇಕಿತ್ತು.

“ಹಾಗಾದರೆ ಮುಖ್ಯವಾದುದು ಸೀಟು ಎಂದು ಬರೆದುಕೊಳ್ಳಲೇ ಬುದ್ಧಿ?”

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನು ಬಂದು ಒಂದು ಗಂಟೆಯಾಯಿತು ಮರುಳಸಿದ್ಧ, ಈ ಕೋಣೆಯಲ್ಲಿ ಚಾಪೆಯೂ ಇದೆ, ಮಣೆಯೂ ಇದೆ, ನೀನು ಯಾಕೆ ಇನ್ನೂ ನಿಂತೇ ಇದ್ದೀಯೆ?”

ಮರುಳಸಿದ್ಧ ಚಾಪೆಯನ್ನೂ ಮಣೆಯನ್ನೂ ನೋಡಿದ. ಕೂರಲಿಲ್ಲ.